ವಾಯುಮಾಲಿನ್ಯ ಕಾನೂನು ಬಿಗಿಯಾಗಲಿ ಎಂದು ನಿಮ್ಮೂರಿನ ಪಾಲಿಕೆಯಿಂದ ಠರಾವು ಮಾಡಿಸುವುದು ಹೇಗೆ?

ಊರಿನ ಗಾಳಿ ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಪಾಲಿಕೆ ಅಥವಾ ಪುರಸಭೆ. ಆದರೆ 1981ರ ವಾಯು ಕಾಯ್ದೆ ಅಧಿಕಾರ ಕೊಟ್ಟಿರುವುದು ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೆ. ಸ್ಥಳೀಯ ಸಂಸ್ಥೆಯ ಪಾಲಿಗೆ ಉಳಿಯುವುದು ರಸ್ತೆ ದೂಳು, ಕಟ್ಟಡದ ಅವಶೇಷ, ಕಸಕ್ಕೆ ಬೀಳುವ ಬೆಂಕಿ. ಕಾರ್ಖಾನೆಯ ಚಿಮಣಿಯನ್ನೂ ಪಕ್ಕದ ತಾಲ್ಲೂಕಿನಿಂದ ಬರುವ ಹೊಗೆಯನ್ನೂ ಅದು ಮುಟ್ಟಲಾರದು. ಹಾಗಾಗಿ ಕೇಂದ್ರದ ಕಾನೂನು ಗಟ್ಟಿಯಾಗಲಿ ಎಂದು ಪಾಲಿಕೆಯೇ ಕೇಳುವುದು ಸರಿಯಾದ ದಾರಿ. ಇಂಥ ಠರಾವು ಕಡತದಲ್ಲೇ ಕೂರುವುದಕ್ಕೆ ಮುಖ್ಯ ಕಾರಣ, ಯಾರನ್ನು ಏನು ಕೇಳಬೇಕೆಂದು ತಿಳಿಯದೆ ‘ಕಠಿಣ ಕ್ರಮ ಕೈಗೊಳ್ಳಬೇಕು’ ಎಂದು ಬರೆದು ಮುಗಿಸುವುದು.

ಆದ್ದರಿಂದ ಮೊದಲ ಕೆಲಸ, ಬೇಡಿಕೆಗಳನ್ನು ವಿಳಾಸದ ಪ್ರಕಾರ ಬೇರ್ಪಡಿಸುವುದು. ಗಾಳಿಯ ಗುಣಮಟ್ಟದ ಮಿತಿ ಗೊತ್ತುಮಾಡುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಈಗಿರುವ ಮಿತಿ 2009ರ ನವೆಂಬರ್‌ನದು: ಪಿಎಂ 2.5 (ಶ್ವಾಸಕೋಶದೊಳಗೆ ಇಳಿಯುವ ಅತಿ ಸಣ್ಣ ಕಣಗಳು) ವಾರ್ಷಿಕ ಸರಾಸರಿ ಘನಮೀಟರ್‌ಗೆ 40 ಮೈಕ್ರೋಗ್ರಾಂ, 24 ಗಂಟೆಗೆ 60. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಇವೇ 5 ಮತ್ತು 15. ಇದನ್ನು ಬದಲಿಸಲು ಸಂಸತ್ತು ಬೇಕಿಲ್ಲ, ಅಧಿಸೂಚನೆ ಸಾಕು. ದಂಡದ ವಿಷಯ ಹಾಗಲ್ಲ. ಜನವಿಶ್ವಾಸ ತಿದ್ದುಪಡಿ ಕಾಯ್ದೆ (2023) ವಾಯು ಕಾಯ್ದೆಯ ಪ್ರಮುಖ ಉಲ್ಲಂಘನೆಗಳಿಗಿದ್ದ ಜೈಲು ಶಿಕ್ಷೆಯನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ತಂದಿದೆ. 2024ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ದೊಡ್ಡ ಕಾರ್ಖಾನೆಗೆ 15 ಲಕ್ಷ ಎಂದರೆ ಏನೂ ಅಲ್ಲ. ಅದನ್ನು ಏರಿಸಬೇಕಾದರೆ ಸಂಸತ್ತೇ ತಿದ್ದಬೇಕು.

ಚಿಮಣಿಯ ಮಿತಿಗಳು 1986ರ ಪರಿಸರ (ಸಂರಕ್ಷಣೆ) ನಿಯಮಗಳಡಿ ಬರುತ್ತವೆ, ಅಂದರೆ ಕೇಂದ್ರ ಪರಿಸರ ಸಚಿವಾಲಯ. ಉಷ್ಣ ವಿದ್ಯುತ್ ಸ್ಥಾವರಗಳಿಗೆ ಗಂಧಕದ ಡೈಆಕ್ಸೈಡ್ ಮಿತಿ ಬಂದದ್ದು 2015ರ ಡಿಸೆಂಬರ್‌ನಲ್ಲಿ, ಕೊಟ್ಟ ಗಡುವು ಎರಡು ವರ್ಷ. ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. 2025ರ ಜುಲೈನಲ್ಲಿ ಬಹುಪಾಲು ಘಟಕಗಳಿಗೆ ವಿನಾಯಿತಿಯನ್ನೇ ಕೊಟ್ಟರು. ರಾಯಚೂರು, ಬಳ್ಳಾರಿ ಭಾಗದವರು ತಮ್ಮ ಸ್ಥಾವರ ಎ, ಬಿ, ಸಿ (ದೊಡ್ಡ ನಗರ, ಹೆಚ್ಚು ಮಾಲಿನ್ಯದ ಪ್ರದೇಶಗಳಿಗೆ ಎಷ್ಟು ಹತ್ತಿರ ಎಂಬುದರ ಮೇಲೆ ಮಾಡಿದ ವಿಂಗಡಣೆ) ಪೈಕಿ ಯಾವ ವರ್ಗದಲ್ಲಿದೆ ಎಂದು ನೋಡಿಕೊಂಡೇ ಬರೆಯಬೇಕು. ಇನ್ನೊಂದು ಬೇಡಿಕೆ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ್ದು. 2019ರಲ್ಲಿ ಶುರುವಾದ ಈ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಆದರೆ ಅದಕ್ಕೆ ಕಾಯ್ದೆಯ ಬಲವಿಲ್ಲ, ಅದನ್ನು ಕೊಡಿ ಎಂದೇ ಕೇಳಬೇಕು. ಗುರಿ ತಪ್ಪಿದರೆ ಕಾನೂನಿನ ಪ್ರಕಾರ ಯಾರನ್ನೂ ಹೊಣೆ ಮಾಡಲಾಗದು. ಹಲವು ಜಿಲ್ಲೆ, ರಾಜ್ಯಗಳನ್ನು ಒಟ್ಟಾಗಿ ನೋಡುವ ಶಾಸನಬದ್ಧ ಆಯೋಗ ಇರುವುದು ದೆಹಲಿ ಸುತ್ತಮುತ್ತಲಿಗೆ ಮಾತ್ರ, 2021ರ ಕಾಯ್ದೆಯ ಮೂಲಕ.

ಮುಂದಿನದು ಅಂಕಿ. ಸಭೆಯಲ್ಲಿ ಹೆಚ್ಚು ಎಡವುವುದು ಇಲ್ಲೇ. ಎಕ್ಯೂಐ (ಗಾಳಿಯ ಗುಣಮಟ್ಟ ಸೂಚ್ಯಂಕ) ಅಂಕಿಯನ್ನೂ ಮೈಕ್ರೋಗ್ರಾಂ ಅಂಕಿಯನ್ನೂ ಬೆರೆಸಬೇಡಿ. ನಮ್ಮ ಎಕ್ಯೂಐ 100 ಅಂದರೆ ಪಿಎಂ 2.5 ಪ್ರಮಾಣ 60 ಮೈಕ್ರೋಗ್ರಾಂ. ಅದು ಇನ್ನೂ ‘ಸಮಾಧಾನಕರ’ ಪಟ್ಟಿಯಲ್ಲೇ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿಗೆ ಮಾತ್ರ ನಾಲ್ಕು ಪಟ್ಟು. ಮಂಡಳಿಯ ಮಾಪನ ಕೇಂದ್ರದ ಅಂಕಿಯನ್ನೇ ಬಳಸಿ. ಅಗ್ಗದ ಸೆನ್ಸರ್ ಮಳೆಗಾಲದ ತೇವಕ್ಕೆ ಹೆಚ್ಚು ತೋರಿಸುವುದುಂಟು, ವಿರೋಧಿಸುವವರಿಗೆ ಅಷ್ಟೇ ಸಾಕು. ವಾರಕ್ಕೆ ಎರಡು ದಿನ ಕೈಯಿಂದ ಅಳೆಯುವ ಕೇಂದ್ರವಾದರೆ ವರ್ಷಕ್ಕೆ ಕನಿಷ್ಠ 104 ಅಳತೆ ಇರಬೇಕು. ಇಲ್ಲದಿದ್ದರೆ ಅದರ ವಾರ್ಷಿಕ ಸರಾಸರಿಯನ್ನು ಉಲ್ಲೇಖಿಸಬೇಡಿ. ಮಿತಿಯ ಅಡಿಟಿಪ್ಪಣಿಯನ್ನೂ ಓದಿ: 24 ಗಂಟೆಯ ಮಿತಿ ವರ್ಷದ ಶೇ 2ರಷ್ಟು ಸಮಯ ಮೀರಬಹುದು, ಆದರೆ ಅಳತೆ ಮಾಡಿದ ಸತತ ಎರಡು ದಿನ ಮೀರುವಂತಿಲ್ಲ. ನಿಮ್ಮೂರಲ್ಲಿ ಸತತ ಎರಡು ದಿನ ಮೀರಿದ ದಿನಾಂಕಗಳು ಸಿಕ್ಕರೆ ಅವನ್ನೇ ಠರಾವಿನಲ್ಲಿ ಹಾಕಿ.

ಕರಡು ಒಂದೂವರೆ ಪುಟ ಮೀರದಿರಲಿ. ಪಾಲಿಕೆಗೆ ಈ ವಿಷಯ ಸೇರಿದ್ದೇ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಸಂವಿಧಾನದ 12ನೇ ಅನುಸೂಚಿಯ 6 (ಸಾರ್ವಜನಿಕ ಆರೋಗ್ಯ) ಮತ್ತು 8ನೇ (ಪರಿಸರ ರಕ್ಷಣೆ) ಬಾಬ್ತುಗಳನ್ನು ಮೊದಲ ಸಾಲಿನಲ್ಲೇ ನಮೂದಿಸಿ. ಕ್ರಿಯಾಪದದ ಮೇಲೆ ನಿಗಾ ಇರಲಿ. ‘ಆದೇಶಿಸುತ್ತದೆ’ ಎಂದರೆ ವ್ಯಾಪ್ತಿ ಮೀರಿದಂತೆ. ಹೀಗೆ ಬರೆಯಬಹುದು:

“ವಾಯು ಕಾಯ್ದೆ, 1981ರ ದಂಡದ ಗರಿಷ್ಠ ಮಿತಿಯನ್ನು ಘಟಕದ ವಾರ್ಷಿಕ ವಹಿವಾಟಿಗೆ ಅನುಗುಣವಾಗಿ ನಿಗದಿಪಡಿಸುವಂತೆ ಕಾಯ್ದೆಗೆ ತಿದ್ದುಪಡಿ ತರಲು ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡಲು ಸಭೆಯು ತೀರ್ಮಾನಿಸಿತು. ಇದರಿಂದ ಪಾಲಿಕೆಗೆ ಆರ್ಥಿಕ ಹೊರೆ ಇರುವುದಿಲ್ಲ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಖರ್ಚಿನ ಮಾತು ಬಂದರೆ ವಿಷಯ ಸ್ಥಾಯಿ ಸಮಿತಿಗೆ ಹೋಗಿ ಕೂರುತ್ತದೆ.

‘ಮೊದಲು ನಿಮ್ಮ ಪೌರಕಾರ್ಮಿಕರು ಎಲೆ ಸುಡುವುದನ್ನು ನಿಲ್ಲಿಸಲಿ’ ಎಂದು ಒಬ್ಬ ಸದಸ್ಯರಾದರೂ ಹೇಳುತ್ತಾರೆ. ಮಾತು ನ್ಯಾಯವೇ. ಕಸ ವಿಲೇವಾರಿಯ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಹೂಡಿದ್ದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಬಯಲಲ್ಲಿ ಕಸ ಸುಟ್ಟರೆ 5,000, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಹೇಳಿದೆ. ನಿಮ್ಮೂರಲ್ಲಿ ಎಷ್ಟು ದಂಡ ವಸೂಲಾಗಿದೆ ಎಂದು ಮೊದಲೇ ತಿಳಿದುಕೊಂಡು, ಅದನ್ನು ಜಾರಿ ಮಾಡುವ ಒಂದು ಸಾಲನ್ನು ಅದೇ ಠರಾವಿಗೆ ಸೇರಿಸಿ.

ಸದಸ್ಯರ ಸಹಿಯ ಸೂಚನಾ ಪತ್ರವನ್ನು ಸಭೆಗೆ ಹದಿನೈದು ದಿನ ಮೊದಲೇ ಕೌನ್ಸಿಲ್ ಕಾರ್ಯದರ್ಶಿಗೆ (ಪುರಸಭೆಯಾದರೆ ಮುಖ್ಯಾಧಿಕಾರಿಗೆ) ಕೊಟ್ಟು ಸ್ವೀಕೃತಿ ಮುಹರು ಹಾಕಿಸಿಕೊಳ್ಳಿ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬಲ್ಲಿಗೆ ಬಿಡಬೇಡಿ. ಆ ಹೊತ್ತಿಗೆ ಊಟದ ವೇಳೆಯಾಗಿ ಅರ್ಧ ಸಭಾಂಗಣ ಖಾಲಿ. ಸೂಚಕರು ಒಂದು ಪಕ್ಷದವರಾದರೆ ಅನುಮೋದಕರು ಇನ್ನೊಂದು ಪಕ್ಷದವರಿರಲಿ, ಇಲ್ಲವಾದರೆ ಇದು ಕೇಂದ್ರದ ವಿರುದ್ಧದ ರಾಜಕೀಯವಾಗಿಬಿಡುತ್ತದೆ. ಪಾಲಿಕೆಯಲ್ಲಿ ಸಂಸದರೂ ಸದಸ್ಯರೇ. ಅವರು ಸಭೆಗೆ ಬರುವಂತೆ ನೋಡಿಕೊಂಡರೆ ದೆಹಲಿಗೆ ಅರ್ಧ ದಾರಿ ಸಾಗಿದಂತೆ. ಚುನಾಯಿತ ಕೌನ್ಸಿಲ್ ಇಲ್ಲದ ಊರಲ್ಲಿ ಆಡಳಿತಾಧಿಕಾರಿಯ ಪತ್ರ ಸಿಗಬಹುದು, ಅದಕ್ಕೆ ಠರಾವಿನ ತೂಕವಿಲ್ಲ.

ಸಚಿವಾಲಯ ಕರಡು ಅಧಿಸೂಚನೆ ಹೊರಡಿಸಿದಾಗ ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಇರುತ್ತದೆ. ತಿಂಗಳಿಗೊಂದು ಸಭೆಯ ಲೆಕ್ಕದಲ್ಲಿ ನಿಮಗೆ ಸಿಗುವುದು ಎರಡೇ ಅವಕಾಶ, ಆದ್ದರಿಂದ ಕರಡು ಠರಾವು ಸದಾ ಕೈಯಲ್ಲಿರಲಿ.

ಠರಾವು ಅಂಗೀಕಾರವಾದ ಮೇಲೆ ನಡಾವಳಿ ಮುಂದಿನ ಸಭೆಯಲ್ಲಿ ದೃಢೀಕರಣವಾಗುವವರೆಗೆ ಕಾದು ದೃಢೀಕೃತ ಪ್ರತಿ ಪಡೆಯಿರಿ. ಆಯುಕ್ತರ ಮುಖಪತ್ರದೊಂದಿಗೆ ಕೇಂದ್ರ ಪರಿಸರ ಸಚಿವಾಲಯ, ಕೇಂದ್ರ ಮಂಡಳಿ, ರಾಜ್ಯದ ಪರಿಸರ ಇಲಾಖೆ, ನಗರಾಭಿವೃದ್ಧಿ ಇಲಾಖೆ ಮತ್ತು ಸಂಸದರಿಗೆ ಬೇರೆ ಬೇರೆಯಾಗಿ ಹೋಗಬೇಕು; ಜೊತೆಗೆ ಇಂಗ್ಲಿಷ್ ಅನುವಾದವೂ ಇರಲಿ. ಎರಡು ತಿಂಗಳಾದರೂ ಸದ್ದಿಲ್ಲದಿದ್ದರೆ ಪಾಲಿಕೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳೊಳಗೆ. ‘ಏನು ಕ್ರಮ ಕೈಗೊಂಡಿದ್ದೀರಿ’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬರುತ್ತದೆ. ಠರಾವಿನ ಸಂಖ್ಯೆ ನಮೂದಿಸಿ, ಅದನ್ನು ಯಾವ ದಿನಾಂಕದಂದು, ಯಾವ ಕಡತ ಸಂಖ್ಯೆಯಲ್ಲಿ, ಯಾರಿಗೆ ಕಳುಹಿಸಲಾಯಿತು ಎಂದು ಕೇಳಿ, ರವಾನೆ ವಹಿಯ ಆ ಪುಟದ ನಕಲನ್ನೂ ಕೋರಿ.