ಸೀಟು ಸಿಕ್ಕ ಮಕ್ಕಳು ಬಂದು ಸೇರುವಂತೆ ನೋಡಿಕೊಳ್ಳುವುದು ಹೇಗೆ?

ಪಿಯುಸಿ ಮುಗಿಸಿ ಡಿಗ್ರಿಗೆ ಅರ್ಜಿ ಹಾಕುತ್ತಾರೆ, ಆಯ್ಕೆ ಪಟ್ಟಿಯಲ್ಲಿ ಹೆಸರೂ ಬರುತ್ತದೆ, ತರಗತಿ ಶುರುವಾದ ದಿನ ನೋಡಿದರೆ ಕೆಲವರು ಇರುವುದೇ ಇಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಓದುವ ಮನಸ್ಸಿಲ್ಲ ಅಂತ ಸುಮ್ನೆ ಅಂದುಬಿಡಬೇಡಿ. ಎಷ್ಟೋ ಮಕ್ಕಳು ನಿಂತುಹೋಗುವುದು ಒಂದು ಸರ್ಟಿಫಿಕೇಟಿಗೆ.

ಪಟ್ಟಿ ಬಂದ ದಿನವೇ ಫೋನ್ ಮಾಡಿ. ಅರ್ಜಿಯಲ್ಲಿರುವ ನಂಬರ್ ಎಷ್ಟೋ ಸಲ ಸೈಬರ್ ಸೆಂಟರ್‌ನವರದ್ದು, ಇಲ್ಲವೇ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನದ್ದು. ಹಾಗಿದ್ದರೆ ಅವರಿಂದಲೇ ಮನೆಯ ನಂಬರ್ ಪಡೆದುಕೊಳ್ಳಿ. ಮಾತು ಹೀಗೆ ಶುರುವಾಗಲಿ: "ನಿನ್ನ ಹೆಸರು ಬಿಕಾಂ ಪಟ್ಟಿಯಲ್ಲಿ ಬಂದಿದೆ ಕಣಮ್ಮ. ಯಾವ ಕಾಗದ ಇನ್ನೂ ಕೈಗೆ ಸಿಕ್ಕಿಲ್ಲ?" ಯಾವಾಗ ಬರ್ತೀಯ ಅಂತ ಕೇಳಿದರೆ "ಬರ್ತೀನಿ ಸಾರ್" ಅಂದು ಇಟ್ಟುಬಿಡುತ್ತಾರೆ. ಕಾಗದ ಕೇಳಿದರೆ ನಿಜ ಹೊರಗೆ ಬರುತ್ತದೆ: ಟಿಸಿ ತಂದಿಲ್ಲ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಕಾಯುತ್ತಿದ್ದಾರೆ, ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಆಗಲೇ ಕೇಳಿ, ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್ ಬರುವುದು ಅದರ ಮೇಲೆ.

ಫೀಸು ಎಷ್ಟು ಅಂತ ಬಾಯಲ್ಲಿ ಹೇಳಿದರೆ ಸಾಲದು, ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಬರೆದು ಕಳಿಸಿ. ಖಾಸಗಿ ಕಾಲೇಜಿನ ಲೆಕ್ಕ ಕೇಳಿ ಹೆದರಿದ ಮನೆಗಳು ಜಾಸ್ತಿ.

ಮುಂದಿನ ಮಾತು ಅಪ್ಪ-ಅಮ್ಮನ ಜೊತೆ. ಹೆಣ್ಣುಮಕ್ಕಳ ವಿಷಯದಲ್ಲಿ ಅವರು ಕೇಳುವುದು ಸಿಲಬಸ್ ಅಲ್ಲ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ ಅಂತ. ಆ ಊರಿಗೆ ಕೊನೆಯ ಬಸ್ ಯಾವಾಗ ಅಂತ ಡಿಪೋದಲ್ಲಿ ಕೇಳಿಟ್ಟುಕೊಂಡು ಮಾತಾಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಹುಡುಗರಿಗೆ ಪಾಸ್ ಬೇಕು, ಅದಕ್ಕೆ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಹೇಳಿಕೊಡಿ. ಹಾಸ್ಟೆಲ್ ಸಿಕ್ಕೇ ಸಿಗುತ್ತದೆ ಅಂತ ಮಾತ್ರ ಹೇಳಬೇಡಿ. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ), ಸಮಾಜ ಕಲ್ಯಾಣ ಹಾಸ್ಟೆಲ್‌ಗಳಿಗೆ ಬೇರೆಯೇ ಅರ್ಜಿ ಇರುತ್ತದೆ, ಪಟ್ಟಿ ಎಷ್ಟೋ ಸಲ ತರಗತಿ ಶುರುವಾದ ಮೇಲೆ ಬರುತ್ತದೆ. ಅಲ್ಲಿಯವರೆಗೆ ಎಲ್ಲಿ ಉಳಿಯುವುದು ಅಂತ ಜೊತೆಗೆ ಕೂತು ಯೋಚಿಸಿ.

ಸಿಇಟಿ (ವೃತ್ತಿಪರ ಕೋರ್ಸ್‌ಗಳ ಪ್ರವೇಶ ಪರೀಕ್ಷೆ) ಸೀಟಿಗೆ ಕಾಯುವ ಮಕ್ಕಳ ಮೇಲೆ ಸಿಟ್ಟಾಗಬೇಡಿ. ಆ ಸೀಟು ಹಂಚಿಕೆಯಲ್ಲಿ ಎರಡನೆಯ ಅಥವಾ ಮೂರನೆಯ ಆಯ್ಕೆ (ಚಾಯ್ಸ್) ಕೊಟ್ಟು ಮುಂದಿನ ಸುತ್ತಿಗೆ ಕಾಯುವುದು ಅವರ ಹಕ್ಕು. ಬೇರೆ ಕಡೆ ಸೀಟು ಸಿಕ್ಕರೆ ಮೂಲ ದಾಖಲೆಗಳನ್ನು ವಾಪಸ್ ಪಡೆಯುವುದು ಹೇಗೆ ಅಂತ ಮೊದಲೇ ಹೇಳಿ. ಆ ಭರವಸೆ ಸಿಕ್ಕರೆ ಸೇರಲು ಹಿಂಜರಿಯುವುದಿಲ್ಲ.

ಅದೇ ಊರಿನ ಸೀನಿಯರ್ ಒಬ್ಬರನ್ನು ಜೊತೆ ಮಾಡಿ. ಮೇಷ್ಟ್ರನ್ನು ಕೇಳಲು ನಾಚುವ ಪ್ರಶ್ನೆಯನ್ನು ಅವರ ಹತ್ತಿರ ಕೇಳುತ್ತಾರೆ. ಸೀಟು ಸಿಕ್ಕವರು ಬಾರದಿರುವುದು ನಮ್ಮೊಬ್ಬರ ಕಷ್ಟವೇನಲ್ಲ. ಅಮೆರಿಕದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ 2016ರಲ್ಲಿ ಮಕ್ಕಳ ಪ್ರಶ್ನೆಗಳಿಗೆ ಮೆಸೇಜ್‌ನಲ್ಲೇ ಉತ್ತರಿಸುವ ಪೌನ್ಸ್ ಎಂಬ ಚಾಟ್‌ಬಾಟ್ ತಂದಿತು. ಪ್ರವೇಶ ಪಡೆದೂ ಬಾರದೆ ಉಳಿಯುವವರ ಸಂಖ್ಯೆ ಸುಮಾರು ಐದನೇ ಒಂದು ಭಾಗ ಇಳಿಯಿತು. ನಮಗೆ ಚಾಟ್‌ಬಾಟ್ ಬೇಕಿಲ್ಲ, ಮೆಸೇಜಿಗೆ ಅಂದೇ ಉತ್ತರ ಕೊಡುವ ಒಬ್ಬರು ಬೇಕು.

ಮೊದಲ ವಾರದ ಹಾಜರಿ ಪುಸ್ತಕ ಹಿಡಿದು, ಬಾರದವರಿಗೆ ಅದೇ ಸಂಜೆ ಮತ್ತೆ ಫೋನ್ ಮಾಡಿ.