ಹಳೆ ಮಳಿಗೆಯಲ್ಲಿ ಸಂಗೀತದ ಜಾಗ: ಸ್ಪೀಕರ್‌ಗಿಂತ ಮೊದಲು ಗೋಡೆ, ಷಟರ್, ಅರ್ಥಿಂಗ್

ಬೆಂಗಳೂರಿನ ಬಳೇಪೇಟೆ, ಚಿಕ್ಕಪೇಟೆ ಕಡೆ ಹಳೆ ಮಳಿಗೆ ಸಿಕ್ಕಿದರೆ ಬಣ್ಣ ಹೊಡೆಸುವ ಮೊದಲು ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಗೋಡೆಯಿಂದ ಗೋಡೆಗೆ ಪುಟಿದರೆ ಅಲ್ಲಿ ಮೃದಂಗದ ನಡೆ ಕಲಸಿಹೋಗುತ್ತದೆ. ಎದುರುಬದುರು ಗೋಡೆಗಳಲ್ಲಿ ಒಂದಕ್ಕಾದರೂ ಮರದ ಚೌಕಟ್ಟು ಮಾಡಿಸಿ, 50 ಮಿ.ಮೀ. ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ತುಂಬಿ, ಗಾಳಿಯಾಡುವ ಬಟ್ಟೆ ಬಿಗಿದು, ಗೋಡೆಯಿಂದ 50 ಮಿ.ಮೀ. ಬಿಟ್ಟು ಕೂರಿಸಿ. ಆ ಸಂದಿಯಿಂದ ಕೆಳಸ್ಥಾಯಿಯ ಸದ್ದೂ ಹೆಚ್ಚು ಹೀರಿಕೊಳ್ಳುತ್ತದೆ. ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ; ಅದು ಸದ್ದು ನಿಲ್ಲಿಸುವುದಿಲ್ಲ, ಬೆಂಕಿಗೆ ಮಾತ್ರ ಒಳ್ಳೆ ಸೌದೆ.

ಇದು ಒಳಗಿನ ಗುಂಗಿಗೆ ಮದ್ದು. ಹೊರಗೆ ಸೋರುವ ಸದ್ದು ಬೇರೆ ಕಥೆ. ರೋಲಿಂಗ್ ಷಟರ್‌ನ ತಗಡು ತಾನೇ ಅದುರುತ್ತದೆ. ಅದರ ಒಳಬದಿಗೆ ಒಂದಡಿ ಬಿಟ್ಟು ಎರಡು ಪದರ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಗೋಡೆ, ಗಟ್ಟಿ ಮರದ ಬಾಗಿಲು, ಸುತ್ತ ರಬ್ಬರ್ ಪಟ್ಟಿ ಹಾಕಿಸಿ. ಬೆರಳಗಲ ಸಂದಿ ಉಳಿದರೂ ಖರ್ಚು ದಂಡ.

ಹಳೆ ವೈರಿಂಗ್‌ನ ಅರ್ಥಿಂಗ್ ನಂಬಬೇಡಿ; ಆಂಪ್ಲಿಫೈಯರ್ ಗುಂಯ್ಗುಡುತ್ತದೆ, ಮೈಕ್ ಮುಟ್ಟಿದವರಿಗೆ ಶಾಕ್. ಹೊಸ ಅರ್ಥಿಂಗ್ ಜೊತೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇರಲಿ.

ವಾಣಿಜ್ಯ ಪ್ರದೇಶದಲ್ಲಿ ಮಿತಿ ಹಗಲು 65, ರಾತ್ರಿ 10ರ ನಂತರ 55 ಡೆಸಿಬೆಲ್. ಮಹಡಿ ಮೇಲೆ ಮನೆಯಿದ್ದರೆ ಡ್ರಮ್ಸ್ 8ಕ್ಕೇ ನಿಲ್ಲಿಸಿ.