ಘಾಟಿ ಇಳಿಯುವ ಪಿಕಪ್‌ಗೆ ಬ್ರೇಕ್ ಪ್ಯಾಡ್ ಯಾವಾಗ ಬದಲಿಸಬೇಕು?

‘ಪ್ಯಾಡ್ ಎಷ್ಟು ಸಾವಿರ ಕಿಲೋಮೀಟರ್ ಬರುತ್ತೆ?’ ತೀರ್ಥಹಳ್ಳಿ, ಹೊಸನಗರ ಕಡೆ ಪಿಕಪ್ ಇಟ್ಟವರೆಲ್ಲ ಮೊದಲು ಕೇಳುವುದು ಇದನ್ನೇ. ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡುವ ಗಾಡಿಗೆ 40ರಿಂದ 60 ಸಾವಿರ ಅಂತ ಅಂದಾಜು ಹೇಳಬಹುದು. ಲೋಡ್ ಹೇರಿಕೊಂಡು ಹುಲಿಕಲ್ ಘಾಟಿ ಇಳಿದು ಹತ್ತುವ ಗಾಡಿಗೆ ಅದರ ಅರ್ಧಕ್ಕೇ ಮುಗಿದರೂ ಆಶ್ಚರ್ಯವಿಲ್ಲ. ರೋಟರ್, ಅಂದರೆ ಚಕ್ರದ ಜೊತೆ ತಿರುಗುವ, ಪ್ಯಾಡ್ ಕಚ್ಚಿ ಹಿಡಿಯುವ ಡಿಸ್ಕ್, ಸಾಮಾನ್ಯವಾಗಿ ಎರಡು ಮೂರು ಸೆಟ್ ಪ್ಯಾಡ್‌ಗೆ ಬಾಳುತ್ತದೆ, ಅದೂ ಪ್ಯಾಡ್ ಲೋಹಕ್ಕೆ ಇಳಿಯುವವರೆಗೆ ಓಡಿಸದಿದ್ದರೆ. ಹಾಗಾಗಿ ಮೀಟರ್ ನೋಡಿ ಲೆಕ್ಕ ಹಾಕಬೇಡಿ. ಚಕ್ರ ಬಿಚ್ಚಿ ಅಳೆಯಿರಿ.

(ಇಲ್ಲಿ ಹೇಳುತ್ತಿರುವುದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಪಿಕಪ್ ಬಗ್ಗೆ. ದೊಡ್ಡ ಲಾರಿಗಳಲ್ಲಿ ಹೆಚ್ಚಾಗಿ ಎಲ್ಲ ಕಡೆಯೂ ಡ್ರಮ್, ಅದರೊಳಗೆ ಪ್ಯಾಡ್ ಬದಲು ಲೈನರ್. ಅದರ ಲೆಕ್ಕವೇ ಬೇರೆ.)

1. ಗಾಡಿ ಎತ್ತುವುದು

ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಅಡ್ಡ ಕಟ್ಟೆ, ಜಾಕ್, ಅದರ ಜೊತೆಗೆ ಸ್ಟ್ಯಾಂಡ್. ನಮ್ಮಲ್ಲಿ ಕೈಗೆ ಸುಲಭವಾಗಿ ಸಿಗುವುದು ಜಂಬಿಟ್ಟಿಗೆ ಕಲ್ಲು. ಅದರ ಮೇಲೆ ಮಾತ್ರ ಗಾಡಿ ನಿಲ್ಲಿಸಬೇಡಿ, ಭಾರಕ್ಕೆ ಪುಡಿಯಾಗಿಬಿಡುತ್ತದೆ.

2. ಒಳಗಿನ ಪ್ಯಾಡ್ ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಚಕ್ರದ ತೂತಿನಿಂದ ಟಾರ್ಚ್ ಬಿಟ್ಟು ‘ಇನ್ನೂ ಅರ್ಧ ಇದೆ, ದೀಪಾವಳಿವರೆಗೆ ತೊಂದರೆ ಇಲ್ಲ’ ಅಂತ ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಕಾಣುವುದು ಹೊರಗಿನ ಪ್ಯಾಡ್. ಮೊದಲು ಸವೆಯುವುದು ಸಾಮಾನ್ಯವಾಗಿ ಪಿಸ್ಟನ್ ಪಕ್ಕದ ಒಳಗಿನದು.

ಕಾರಣ ಇಷ್ಟೆ. ಪಿಕಪ್‌ಗಳ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದು ರೋಟರಿಗೆ ಒತ್ತುವ ಭಾಗ) ಹೆಚ್ಚಾಗಿ ಎರಡು ಪಿನ್‌ಗಳ ಮೇಲೆ ಅತ್ತಿತ್ತ ಜಾರುವಂಥದ್ದು. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ, ಕ್ಯಾಲಿಪರ್ ಜಾರಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೋಟದ ರಸ್ತೆಯ ಕೆಂಪು ಕೆಸರು ಪಿನ್ನನ್ನು ಮುಚ್ಚುವ ರಬ್ಬರ್ ಬೂಟ್ ಮೇಲೆ ಗಟ್ಟಿಯಾಗುತ್ತದೆ. ಬೂಟ್ ಒಂದು ಕಡೆ ಹರಿದರೆ ಸಾಕು, ನೀರು ಒಳಗೆ ಹೋಗಿ ಪಿನ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಆಮೇಲೆ ಕೆಲಸವೆಲ್ಲ ಒಳಗಿನ ಪ್ಯಾಡ್ ಮೇಲೇ. ಹೊರಗೆ 6 ಮಿ.ಮೀ. ಉಳಿದಿರುವಾಗಲೇ ಒಳಗಿನದು ಲೋಹಕ್ಕೆ ಬಂದಿರುತ್ತದೆ.

ಕ್ಯಾಲಿಪರ್ ಬಿಚ್ಚಿದ ಮೇಲೆ ಹೋಸ್ ಪೈಪಿನಲ್ಲಿ ನೇತಾಡಲು ಬಿಡಬೇಡಿ, ತಂತಿ ಹಾಕಿ ಸ್ಪ್ರಿಂಗಿಗೆ ಕಟ್ಟಿ. ಪ್ಯಾಡ್ ಹೊರಗೆ ತೆಗೆದು ಎರಡೂ ತುದಿ ಅಳೆಯಿರಿ. ಹಿಂದಿನ ಕಬ್ಬಿಣದ ಪ್ಲೇಟನ್ನು ಲೆಕ್ಕಕ್ಕೆ ಸೇರಿಸಬೇಡಿ, ಸವೆಯುವ ಭಾಗ ಮಾತ್ರ. ಹೊಸದರಲ್ಲಿ ಅದು 10-12 ಮಿ.ಮೀ. ಇರುತ್ತದೆ. 3ಕ್ಕೆ ಬಂದರೆ ಬದಲಿಸಿ. 2ರ ಕೆಳಗೆ ಗಾಡಿ ಹೊರಗೆ ತೆಗೆಯಲೇಬೇಡಿ. ಘಾಟಿ ಓಡಾಟದ ಗಾಡಿಯಾದರೆ 4ಕ್ಕೇ ಬದಲಿಸಿ ಅನ್ನುವವನು ನಾನು. ಮಳೆಗಾಲದ ಮಧ್ಯೆ ಆಗುಂಬೆಯ ತಿರುವಿನಲ್ಲಿ ಕೀಂಚ್ ಅನ್ನಿಸಿಕೊಳ್ಳುವುದಕ್ಕಿಂತ ಇದು ಅಗ್ಗ.

ಒಳಗಿನದಕ್ಕೂ ಹೊರಗಿನದಕ್ಕೂ 2 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಬರೀ ಪ್ಯಾಡ್ ಹಾಕಿ ಮುಗಿಸಬೇಡಿ. ಹೊಸದೂ ಹಾಗೇ ಹೋಗುತ್ತದೆ. ಪಿನ್ ಎಳೆದು ನೋಡಿ, ಕೈಯಲ್ಲಿ ಸಲೀಸಾಗಿ ಜಾರಬೇಕು. ತುಕ್ಕು ಒರೆಸಿ, ಗುಳಿ ಬಿದ್ದಿದ್ದರೆ ಪಿನ್ನನ್ನೇ ಬದಲಿಸಿ. ಹರಿದ ಬೂಟ್ ಕೂಡ ಹೊಸದು ಹಾಕಿ. ಸವರಲು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಬೇಕು. ಡಬ್ಬದಲ್ಲಿ ಕುಳಿತಿರುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಕಚ್ಚಿಕೊಳ್ಳುತ್ತದೆ. ಮೇಲಿನ ಪಿನ್, ಕೆಳಗಿನ ಪಿನ್ ಅದಲುಬದಲು ಮಾಡಬೇಡಿ, ಕೆಲವು ಗಾಡಿಗಳಲ್ಲಿ ಎರಡೂ ಒಂದೇ ಅಲ್ಲ.

3. ರೋಟರ್ ಅಳೆಯುವುದು

ಕನಿಷ್ಠ ದಪ್ಪ ಎಷ್ಟು ಅಂತ ಸಾಮಾನ್ಯವಾಗಿ ರೋಟರ್ ಮೇಲೇ ಕೊರೆದಿರುತ್ತದೆ. ವೈರ್ ಬ್ರಷ್‌ನಲ್ಲಿ ಉಜ್ಜಿದರೆ ಕಾಣುತ್ತದೆ. ಅಂಚಿನಲ್ಲಿ ಸವೆಯದೆ ಉಳಿದ ಏಣು ಇರುತ್ತದಲ್ವಾ, ದಪ್ಪ ಅಳೆಯುವ ವರ್ನಿಯರ್ ಅದಕ್ಕೇ ತಾಗಿ ದಪ್ಪ ಜಾಸ್ತಿ ತೋರಿಸುತ್ತದೆ. ಮೈಕ್ರೋಮೀಟರ್ ಇಲ್ಲದಿದ್ದರೆ ರೋಟರಿನ ಎರಡೂ ಕಡೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ಸುತ್ತಲೂ ಏಳೆಂಟು ಕಡೆ ನೋಡಿ. ಅಂಚಿನವರೆಗೆ ಸೀಳಿದ ಬಿರುಕಿದ್ದರೆ ಅಳೆಯುವ ಕೆಲಸವೇ ಬೇಡ, ಬದಲಿಸಿ. ಲೇತ್‌ಗೆ ಕೊಡುವುದಾದರೆ ತಿರುಗಿಸಿದ ಮೇಲೂ ಆ ಕನಿಷ್ಠ ದಪ್ಪ ಉಳಿಯಬೇಕು. ರಾತ್ರಿ ಮಳೆಗೆ ನಿಂತ ಗಾಡಿಯ ರೋಟರ್ ಬೆಳಿಗ್ಗೆ ಕೆಂಪಗಿದ್ದರೆ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

4. ಜೋಡಿಸುವುದು

ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ. ಅರ್ಧ ಬೆಲೆಗೆ ಸಿಗುವ, ಬ್ಯಾಚ್ ನಂಬರೇ ಇಲ್ಲದ ಪೆಟ್ಟಿಗೆಯ ಪ್ಯಾಡ್ ಮುಟ್ಟಬೇಡಿ. ಅಂಥದು ಘಾಟಿಯ ಬಿಸಿಗೆ ಗಾಜಿನಂತೆ ನುಣುಪಾಗಿ ಹಿಡಿತವೇ ಇಲ್ಲದಂತಾಗುತ್ತದೆ. ಪಿಸ್ಟನ್ ನಿಧಾನವಾಗಿ ಒಳಗೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿ ಉಕ್ಕದಂತೆ ಕಣ್ಣಿಡಿ, ಆಯಿಲ್ ಬಿದ್ದರೆ ಪೇಂಟ್ ಏಳುತ್ತದೆ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ.

5. ಹೊಸ ಪ್ಯಾಡನ್ನು ರೋಟರಿಗೆ ಹೊಂದಿಸುವುದು

ಖಾಲಿ ಇರುವ ಸಪಾಟು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಲು ಬಿಡಿ. ಹೊಸ ಪ್ಯಾಡ್ ಹಾಕಿದ ದಿನವೇ ಲೋಡ್ ಹಾಕಿ ಘಾಟಿಗೆ ಇಳಿಯಬೇಡಿ.

ಘಾಟಿಯಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡುವವರ ಪ್ಯಾಡ್ ಯಾವ ಕಂಪನಿಯದಾದರೂ ಬಾಳುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದರೆ ಕುದಿಯುವ ಬಿಸಿ 155ರವರೆಗೂ ಇಳಿಯಬಹುದು. ಕುದಿದು ಗುಳ್ಳೆ ಎದ್ದರೆ ಪ್ಯಾಡ್ ಎಷ್ಟೇ ದಪ್ಪ ಇದ್ದರೂ ಪೆಡಲ್ ಸೀದಾ ತಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ, ಜೂನ್ ಮಳೆ ಹಿಡಿಯುವ ಮೊದಲು, ಆಯಿಲನ್ನು ಪೂರ್ತಿ ಬದಲಿಸಿ. ಹೇಗೂ ಗ್ಯಾರೇಜಿಗೆ ಹೋಗಿರುತ್ತೀರಿ, ಹಿಂದಿನ ಡ್ರಮ್ ಬಿಚ್ಚಿಸಿ ಲೈನರನ್ನೂ ನೋಡಿಸಿಬಿಡಿ.